ಹಳೆಯ ನಾದಕ್ಕೆ ಹೊಸ ಅಚ್ಚು

ಅಮೆರಿಕದ ಜಾಝ್ ಸಂಗೀತದಲ್ಲಿಯೂ ಇಂಗ್ಲೆಂಡ್ ಅಮೆರಿಕಗಳ ಜನಪ್ರಿಯ ಪಾಪ್ ಸಂಗೀತದಲ್ಲಿಯೂ ಹೆಸರಾದ ಹಳೆಯ ಧ್ವನಿಮುದ್ರಿಕೆಗಳು ಹಲವು ವರ್ಷಗಳಿಗೊಮ್ಮೆ ಮತ್ತೆ ಹೊರಬರುತ್ತಿರುತ್ತವೆ. ಅವುಗಳ ಹೊದಿಕೆಯ ಮೇಲೆ ‘ರೀಮಾಸ್ಟರ್ಡ್’ ಎಂಬ ಮಾತು ಅಚ್ಚಾಗಿರುತ್ತದೆ. ಹಾಡಿದವರು ತೀರಿಕೊಂಡು ದಶಕಗಳೇ ಕಳೆದಿರಬಹುದು. ಅವರು ಕುಳಿತು ನುಡಿಸಿದ ಕಟ್ಟಡವೂ ಈಗ ಇಲ್ಲದಿರಬಹುದು. ಯಾರೂ ಮತ್ತೆ ಹಾಡಲಿಲ್ಲ, ಮತ್ತೆ ನುಡಿಸಲಿಲ್ಲ. ಹಾಗಾದರೆ ಹೊಸದಾದುದು ಯಾವುದು? ಇದು ವ್ಯಾಪಾರಿಗಳ ಜಾಣ ಮಾತೇ, ಅಥವಾ ಇದರಲ್ಲಿ ವಿಜ್ಞಾನದ ತಿರುಳೇನಾದರೂ ಇದೆಯೇ?

ಈ ಪ್ರಶ್ನೆಯನ್ನು ಬಿಡಿಸುವುದಕ್ಕೆ ನಮಗೆ ಪರಿಚಿತವಾದ ಒಂದು ವಿದ್ಯೆಯ ಹೋಲಿಕೆ ನೆರವಾಗುತ್ತದೆ. ಪ್ರಾಚೀನ ಕಾವ್ಯವೊಂದನ್ನು ಅಚ್ಚಿಗೆ ಸಿದ್ಧಪಡಿಸುವ ವಿದ್ವಾಂಸರು ಮೊದಲು ತಾಳೆಯೋಲೆಯ ಪ್ರತಿಗಳನ್ನು ಹುಡುಕುತ್ತಾರೆ. ಕವಿ ಬರೆದ ಮೂಲ ಓಲೆ ಸಿಗುವುದು ದುರ್ಲಭ. ಸಿಕ್ಕುವ ಪ್ರತಿಗಳಲ್ಲಿ ಲಿಪಿಕಾರನ ಕೈತಪ್ಪುಗಳಿರುತ್ತವೆ, ಹುಳು ತಿಂದ ರಂಧ್ರಗಳಿರುತ್ತವೆ. ಇದು ಕವಿಯ ಮಾತು, ಇದು ಲಿಪಿಕಾರನ ಸ್ಖಾಲಿತ್ಯ ಎಂದು ಬೇರ್ಪಡಿಸುವುದೇ ಸಂಪಾದಕನ ಕೆಲಸ. ಹಳೆಯ ಧ್ವನಿಮುದ್ರಿಕೆಯನ್ನು ಮತ್ತೆ ಸಿದ್ಧಗೊಳಿಸುವವನ ಕೆಲಸವೂ ಇಂತಹುದೇ. ಇಲ್ಲಿ ಕವಿಯ ಸ್ಥಾನದಲ್ಲಿರುವವನು ಸಂಗೀತಗಾರ. ಲಿಪಿಕಾರನ ಸ್ಥಾನದಲ್ಲಿರುವುದು ಯಂತ್ರ. ಪಟ್ಟಿಯ ಮೇಲಿರುವ ಧ್ವನಿಯಲ್ಲಿ ಎಷ್ಟು ಸಂಗೀತಗಾರನದು, ಎಷ್ಟು ಯಂತ್ರದ್ದು ಎಂಬುದನ್ನು ನಿರ್ಣಯಿಸಬೇಕು.

ಜಾಝ್ ಸಂಗೀತದಲ್ಲಿ ಈ ನಿರ್ಣಯಕ್ಕೆ ವಿಶೇಷ ಮಹತ್ತ್ವವುಂಟು. ನಮ್ಮ ಸಂಗೀತದಂತೆಯೇ ಅಲ್ಲಿಯೂ ಮನೋಧರ್ಮಕ್ಕೆ ಪ್ರಾಧಾನ್ಯ. ಕಲಾವಿದನು ಆ ಕ್ಷಣದಲ್ಲಿ ಕಲ್ಪಿಸಿ ನುಡಿಸಿದುದು ಬರಹದಲ್ಲಿ ಮೊದಲೇ ಇರುವುದಿಲ್ಲ. ಆದಕಾರಣ ಧ್ವನಿಮುದ್ರಣವೇ ಆ ಕೃತಿಗೆ ಇರುವ ಏಕೈಕ ಸಾಕ್ಷಿ. ಸಾಕ್ಷಿಯೇ ತಪ್ಪು ನುಡಿದರೆ ತಿದ್ದುವವರು ಯಾರು?

ನಾದವು ಗುರುತಾಗುವ ಬಗೆ

ಧ್ವನಿಯೆಂದರೆ ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಸೆಕೆಂಡಿಗೆ ಎಷ್ಟು ಏರಿಳಿತಗಳಾಗುತ್ತವೆಯೋ ಅದು ಆ ಧ್ವನಿಯ ಕಂಪನಸಂಖ್ಯೆ. ಕಂಪನಸಂಖ್ಯೆ ಹೆಚ್ಚಿದಂತೆ ಶ್ರುತಿ ಏರುತ್ತದೆ. ಈ ಏರಿಳಿತವನ್ನು ಯಾವುದಾದರೊಂದು ವಸ್ತುವಿನ ಮೇಲೆ ಗುರುತಾಗಿ ಉಳಿಸಿ, ಆ ಗುರುತಿನಿಂದ ಮತ್ತೆ ಗಾಳಿಯನ್ನು ಕಂಪಿಸುವುದೇ ಧ್ವನಿಮುದ್ರಣದ ಗುಟ್ಟು.

ಮೊದಲ ಜಾಝ್ ಮುದ್ರಿಕೆಯೆಂದು ಸಾಮಾನ್ಯವಾಗಿ ಹೇಳಲಾಗುವುದು ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜ್ಯಾಸ್ ಬ್ಯಾಂಡ್’ ಎಂಬ ಮೇಳವು ೧೯೧೭ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದುದು. ಆಗ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ವಾದಕರು ದೊಡ್ಡದೊಂದು ಕೊಂಬಿನ ಬಾಯಿಗೆ ಎದುರಾಗಿ ನಿಲ್ಲುತ್ತಿದ್ದರು. ಕೊಂಬಿನ ಕಿರಿಯ ತುದಿಯಲ್ಲಿದ್ದ ಪೊರೆ ಕಂಪಿಸಿ, ಅದಕ್ಕೆ ಸೇರಿದ ಸೂಜಿಯು ಮೇಣದ ತಟ್ಟೆಯಲ್ಲಿ ಗೀರು ಕೊರೆಯುತ್ತಿತ್ತು. ೧೯೨೩ರಲ್ಲಿ ಇಂಡಿಯಾನಾ ಸಂಸ್ಥಾನದ ರಿಚ್ಮಂಡ್ ಪಟ್ಟಣದಲ್ಲಿ ಕಿಂಗ್ ಆಲಿವರ್ ಮೇಳದ ಮುದ್ರಣ ನಡೆದಾಗ, ತರುಣ ಲೂಯಿ ಆರ್ಮ್‌ಸ್ಟ್ರಾಂಗನ ವಾದನ ಉಳಿದವರನ್ನು ಮುಳುಗಿಸುವಷ್ಟು ಗಟ್ಟಿಯಾಗಿದ್ದುದರಿಂದ ಅವನನ್ನು ಬಹಳ ಹಿಂದೆ ನಿಲ್ಲಿಸಿದರಂತೆ. ಮೇಳದ ಸಮತೋಲವನ್ನು ಕಾಲ್ನಡಿಗೆಯ ದೂರದಿಂದಲೇ ಸರಿಪಡಿಸಬೇಕಾಗಿದ್ದ ಕಾಲವದು! ೧೯೨೫ರಿಂದೀಚೆಗೆ ಮೈಕ್ರೊಫೋನ್ ಮತ್ತು ವಿದ್ಯುತ್ ವರ್ಧಕಗಳು ಬಂದು ಈ ತೊಡಕು ತಪ್ಪಿತು.

ಕೊಂಬಿಗೆ ಇನ್ನೊಂದು ದೋಷವಿತ್ತು. ತಂಬಿಗೆಯ ಬಾಯಿಗೆ ಮುಖವಿಟ್ಟು ಮಾತನಾಡಿದರೆ ಕೆಲವು ಸ್ವರಗಳು ಮಾತ್ರ ಮೊಳಗುವುದನ್ನು ಯಾರಾದರೂ ಪರೀಕ್ಷಿಸಬಹುದು. ಇದು ಅನುರಣನೆ. ಕೊಂಬೂ ಹಾಗೆಯೇ ತನಗೆ ಒಗ್ಗಿದ ಸ್ವರಗಳನ್ನು ಉಬ್ಬಿಸಿ, ಉಳಿದವನ್ನು ಕುಗ್ಗಿಸುತ್ತಿತ್ತು. ಕೊಂಬು ಹಾಳಾಗಿ ಹೋದ ಮೇಲೆ ಅದರ ಗುಣವನ್ನು ತಿಳಿಯುವುದು ಹೇಗೆ? ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಥಾಮಸ್ ಸ್ಟಾಕ್‌ಹ್ಯಾಮ್ ಒಂದು ಸೊಗಸಾದ ಉಪಾಯವನ್ನು ಕಂಡುಹಿಡಿದರು. ಆಪೆರಾ ಗಾಯಕ ಎನ್ರಿಕೊ ಕರೂಸೊ ಹಾಡಿದ ಹಳೆಯ ಮುದ್ರಿಕೆಯನ್ನು, ಅದೇ ಹಾಡನ್ನು ಈಚಿನ ಗಾಯಕನೊಬ್ಬನು ಹಾಡಿದ ಒಳ್ಳೆಯ ಮುದ್ರಿಕೆಯೊಡನೆ ಗಣಕಯಂತ್ರದಲ್ಲಿ ಹೋಲಿಸಿದರು. ಇಡೀ ಹಾಡಿನ ಸರಾಸರಿಯಲ್ಲಿ ಯಾವ ಕಂಪನಸಂಖ್ಯೆಗಳು ಹಳೆಯದರಲ್ಲಿ ಅತಿಯಾಗಿ ಉಬ್ಬಿದ್ದುವೋ ಅವು ಕರೂಸೊವಿನ ಕಂಠದವಲ್ಲ, ಕೊಂಬಿನವು ಎಂದು ಊಹಿಸಿ, ಅಷ್ಟನ್ನೇ ತಗ್ಗಿಸಿದರು. ಹೀಗೆ ಸಿದ್ಧವಾದ ಮುದ್ರಿಕೆಯನ್ನು ಆರ್‌ಸಿಎ ಕಂಪನಿಯು ೧೯೭೬ರಲ್ಲಿ ಹೊರತಂದಿತು. ಲಿಪಿಕಾರನ ಕೈಬರಹವನ್ನು ಗುರುತಿಸಿ ಅವನ ತಪ್ಪನ್ನು ತಿದ್ದುವುದೆಂದರೆ ಇದೇ.

ಪಟ್ಟಿ ನಿಧಾನವಾದರೆ ಶ್ರುತಿ ಏರುತ್ತದೆ

ಎರಡನೆಯ ಮಹಾಯುದ್ಧದ ತರುವಾಯ ಮೇಣದ ತಟ್ಟೆಯ ಸ್ಥಾನವನ್ನು ಕಾಂತಪಟ್ಟಿ, ಎಂದರೆ ಟೇಪು, ಆಕ್ರಮಿಸಿತು. ತೆಳುವಾದ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಅಂಟಿಸಿರುತ್ತಾರೆ. ಧ್ವನಿಗೆ ಅನುಗುಣವಾಗಿ ಏರಿಳಿಯುವ ವಿದ್ಯುತ್ತು ಹರಿಯುತ್ತಿರುವ ವಿದ್ಯುತ್ಕಾಂತದ ಮುಂದೆ ಪಟ್ಟಿ ಸರಿದುಹೋದಂತೆಲ್ಲ ಪುಡಿಯಲ್ಲಿ ಕಾಂತತ್ವದ ಅಲೆಗಳು ಮೂಡಿ ನಿಲ್ಲುತ್ತವೆ.

ಈ ಅಲೆಯ ಉದ್ದಕ್ಕೆ ತರಂಗಾಂತರವೆಂದು ಹೆಸರು. ಪಟ್ಟಿಯ ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ತರಂಗಾಂತರ ದೊರೆಯುತ್ತದೆ. ಪಟ್ಟಿಯು ಸೆಕೆಂಡಿಗೆ ೧೫ ಅಂಗುಲ ಸರಿಯುತ್ತಿರುವಾಗ, ಸೆಕೆಂಡಿಗೆ ೧೫,೦೦೦ ಕಂಪನಗಳ ಕೀರಲು ಧ್ವನಿಯ ಒಂದೊಂದು ಅಲೆಯೂ ಅಂಗುಲದ ಸಾವಿರದಲ್ಲೊಂದು ಪಾಲಿನಷ್ಟು ಜಾಗದಲ್ಲಿ ಅಡಗುತ್ತದೆ. ಓದುವ ಯಂತ್ರದ ತಲೆಯು ಕೂದಲೆಳೆಯಷ್ಟು ಓರೆಯಾದರೂ ಇಂತಹ ಅಲೆಗಳು ಅಳಿಸಿಹೋಗಿ ಧ್ವನಿ ಮಂಕಾಗುತ್ತದೆ. ಹೊಸ ಅಚ್ಚು ತೆಗೆಯುವವರು ಮೊದಲಿಗೆ ಈ ಓರೆಯನ್ನು ಪರೀಕ್ಷಿಸುವುದು ಇದಕ್ಕೋಸ್ಕರ.

ಈಗ ಮುದ್ರಿಸುವ ಯಂತ್ರ ಮಾತ್ರ ಸ್ವಲ್ಪ ನಿಧಾನವಾಗಿ ಓಡಿತೆಂದು ಭಾವಿಸೋಣ. ಪಟ್ಟಿಯ ಮೇಲೆ ಅಲೆಗಳು ಒತ್ತೊತ್ತಾಗಿ ಮೂಡುತ್ತವೆ. ಅದೇ ಪಟ್ಟಿಯನ್ನು ಸರಿಯಾದ ವೇಗದಲ್ಲಿ ಓಡಿಸಿ ಕೇಳಿದರೆ ಸೆಕೆಂಡಿಗೆ ಹೆಚ್ಚು ಅಲೆಗಳು ಹಾದುಹೋಗುವುದರಿಂದ ಶ್ರುತಿ ಏರುತ್ತದೆ. ಯಂತ್ರವು ನೂರಕ್ಕೆ ಎರಡರಷ್ಟು ನಿಧಾನವಾಗಿದ್ದರೆ, ೪೪೦ ಕಂಪನಗಳ ಸ್ವರ ೪೪೯ ಆಗಿ ಕೇಳಿಸುತ್ತದೆ. ಒಂಬತ್ತು ನಿಮಿಷಗಳ ವಾದನ ಹನ್ನೊಂದು ಸೆಕೆಂಡು ಮೊದಲೇ ಮುಗಿಯುತ್ತದೆ. ಹಾರ್ಮೋನಿಯಮ್ಮಿನಲ್ಲಿ ಒಂದು ಮನೆಗೂ ಅದರ ಪಕ್ಕದ ಮನೆಗೂ ಇರುವ ಅಂತರ ನೂರಕ್ಕೆ ಸುಮಾರು ಆರು. ಆದ್ದರಿಂದ ಈ ಸ್ವರವು ಎರಡು ಮನೆಗಳ ನಡುವೆ ಎಲ್ಲಿಯೋ ನಿಲ್ಲುತ್ತದೆ.

ಇದು ಬರಿಯ ಊಹೆಯ ಉದಾಹರಣೆಯಲ್ಲ. ಜಾಝ್ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಮುದ್ರಿಕೆಗೇ ಇಂತಹ ಗತಿ ಒದಗಿತು.

ಮೂವತ್ತಮೂರು ವರ್ಷಗಳ ತಪ್ಪು ಶ್ರುತಿ

೧೯೫೯ರ ಮಾರ್ಚ್ ೨ರಂದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತನ್ನ ಮೇಳದೊಡನೆ ನ್ಯೂಯಾರ್ಕಿನ ಮೂವತ್ತನೆಯ ಬೀದಿಯಲ್ಲಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೋಕ್ಕೆ ಬಂದನು. ಹಿಂದೆ ಚರ್ಚಾಗಿದ್ದ ಆ ಕಟ್ಟಡದ ಎತ್ತರವಾದ ಚಾವಣಿ ನಾದಕ್ಕೆ ಒಳ್ಳೆಯ ತುಂಬು ಕೊಡುತ್ತಿತ್ತು. ಕದ್ರಿ ಗೋಪಾಲನಾಥರಿಂದ ಕನ್ನಡಿಗರಿಗೆ ಆಪ್ತವಾದ ಸ್ಯಾಕ್ಸೊಫೋನನ್ನು ನುಡಿಸಲು ಜಾನ್ ಕೊಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ ಎಂಬಿಬ್ಬರು. ಪಿಯಾನೊಗೆ ಬಿಲ್ ಎವನ್ಸ್, ಒಂದು ಕೃತಿಗೆ ಮಾತ್ರ ವಿಂಟನ್ ಕೆಲ್ಲಿ. ಬಾಸ್ ವಾದ್ಯಕ್ಕೆ ಪಾಲ್ ಚೇಂಬರ್ಸ್. ಡ್ರಮ್ಮಿಗೆ ಜಿಮ್ಮಿ ಕಾಬ್. ಡೇವಿಸ್ ತಂದಿದ್ದುದು ಸ್ವರಶ್ರೇಣಿಗಳ ರೂಪರೇಖೆಯನ್ನು ಮಾತ್ರ. ಮಿಕ್ಕುದೆಲ್ಲ ಅಲ್ಲಿಯೇ ಹುಟ್ಟಬೇಕಾಗಿತ್ತು. ಅಂದು ‘ಸೋ ವಾಟ್’, ‘ಫ್ರೆಡ್ಡೀ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’ ಎಂಬ ಮೂರು ಕೃತಿಗಳು ಮುದ್ರಣವಾದುವು. ಏಪ್ರಿಲ್ ೨೨ರಂದು ಇನ್ನೆರಡು ಸೇರಿ, ಆಗಸ್ಟ್ ತಿಂಗಳಿನಲ್ಲಿ ‘ಕೈಂಡ್ ಆಫ್ ಬ್ಲೂ’ ಎಂಬ ಹೆಸರಿನಿಂದ ಮುದ್ರಿಕೆ ಹೊರಬಂದಿತು.

ಮಾರ್ಚ್ ೨ರಂದು ಎರಡು ಯಂತ್ರಗಳು ಒಟ್ಟಿಗೆ ಓಡುತ್ತಿದ್ದುವು. ಒಂದು ಮುಖ್ಯಪಟ್ಟಿಗೆ, ಇನ್ನೊಂದು, ಅದಕ್ಕೇನಾದರೂ ಕೇಡಾದರೆ ಇರಲಿ ಎಂದು, ರಕ್ಷಣೆಯ ಪ್ರತಿಗೆ. ಮುಖ್ಯಪಟ್ಟಿಯ ಯಂತ್ರ ಆ ದಿನ ಸ್ವಲ್ಪ ನಿಧಾನವಾಗಿ ಓಡಿತು. ಮಾರಾಟಕ್ಕೆ ಬಂದ ತಟ್ಟೆಗಳೆಲ್ಲ ಮುಖ್ಯಪಟ್ಟಿಯಿಂದಲೇ ತಯಾರಾದುವು. ಹೀಗಾಗಿ ತಟ್ಟೆಯ ಒಂದು ಮುಖದ ಮೂರು ಕೃತಿಗಳೂ ನುಡಿಸಿದುದಕ್ಕಿಂತ ಏರಿದ ಶ್ರುತಿಯಲ್ಲಿ ಲೋಕಕ್ಕೆ ತಲುಪಿದುವು. ಇನ್ನೊಂದು ಮುಖ ಸರಿಯಾಗಿತ್ತು. ವ್ಯತ್ಯಾಸ ಅರ್ಧಸ್ವರಕ್ಕಿಂತ ಕಡಿಮೆ. ಸುಮ್ಮನೆ ಕೇಳುವವರಿಗೆ ಅದು ತಿಳಿಯುವಂತಿರಲಿಲ್ಲ. ತಟ್ಟೆಯನ್ನು ಹಾಕಿಕೊಂಡು ಜತೆಗೆ ನುಡಿಸಿ ಕಲಿಯಹೊರಟ ವಾದಕರಿಗೆ ಮಾತ್ರ ತಮ್ಮ ವಾದ್ಯದ ಶ್ರುತಿ ಎಷ್ಟಕ್ಕೂ ಹೊಂದಿಕೊಳ್ಳುತ್ತಿರಲಿಲ್ಲ.

೧೯೯೨ರಲ್ಲಿ ಮಾರ್ಕ್ ವೈಲ್ಡರ್ ಎಂಬ ಧ್ವನಿತಂತ್ರಜ್ಞರು ಹೊಸ ಅಚ್ಚಿಗಾಗಿ ಮೂಲಪಟ್ಟಿಗಳನ್ನು ತೆರೆದಾಗ ರಕ್ಷಣೆಯ ಪ್ರತಿಯನ್ನು ಆಧಾರವಾಗಿಟ್ಟುಕೊಂಡು ಶ್ರುತಿ ಸರಿಪಡಿಸಿದರು. ಅಷ್ಟು ವರ್ಷ ಯಾರೂ ಕೇಳದೆ ಕಪಾಟಿನಲ್ಲಿದ್ದ ಎರಡನೆಯ ಪ್ರತಿಯೇ ನಿಜವನ್ನು ಕಾಪಾಡಿಕೊಂಡಿತ್ತು. ಗ್ರಂಥಸಂಪಾದಕರು ಒಂದೇ ಪ್ರತಿಯನ್ನು ನಂಬಬಾರದೆಂದು ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಆದರೆ ಪ್ರಶ್ನೆ ಇಲ್ಲಿಗೇ ಮುಗಿಯಲಿಲ್ಲ. ಮೂವತ್ತಮೂರು ವರ್ಷ ಲಕ್ಷಾಂತರ ಜನ ಮೆಚ್ಚಿ ಕೇಳಿದುದು ಏರಿದ ಶ್ರುತಿಯ ನಾದವನ್ನು. ಅವರ ಕಿವಿಗೆ ಸರಿಪಡಿಸಿದ ರೂಪವು ತುಸು ಭಾರವಾಗಿ, ತುಸು ನಿಧಾನವಾಗಿ ತೋರಿದರೆ ಆಶ್ಚರ್ಯವಿಲ್ಲ. ಕೃತಿಯೆಂದರೆ ಕಲಾವಿದರು ನುಡಿಸಿದುದೋ, ಜನರು ಕೇಳಿದುದೋ? ಭೌತವಿಜ್ಞಾನವು ವೇಗ ಎಷ್ಟಿತ್ತೆಂಬುದನ್ನು ಹೇಳಬಲ್ಲದು. ಯಾವುದನ್ನು ಆರಿಸಬೇಕೆಂಬುದನ್ನು ಅದು ಹೇಳಲಾರದು. ಈ ಸಂದರ್ಭದಲ್ಲಿ ನಾವು ವಾದಕರ ಪಕ್ಷವನ್ನೇ ವಹಿಸುತ್ತೇವೆ. ಏಕೆಂದರೆ ಯಂತ್ರದ ನಿಧಾನಗತಿ ಯಾರ ಮನೋಧರ್ಮವೂ ಆಗಿರಲಿಲ್ಲ.

ವೇಗದ ದೋಷ ಒಂದೇ ಸಮನಾಗಿರದೆ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ ಎರಡನೆಯ ಪ್ರತಿಯೂ ಸಾಲದು. ಅದಕ್ಕೂ ಈಗ ಉಪಾಯವುಂಟು. ಕಾಂತಪಟ್ಟಿಯ ಮೇಲೆ ಧ್ವನಿ ಸರಿಯಾಗಿ ಮೂಡಲೆಂದು, ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನಸಂಖ್ಯೆಯ ‘ಬಯಸ್’ ಎಂಬ ವಿದ್ಯುತ್ತನ್ನೂ ಜತೆಗೆ ಹಾಯಿಸುತ್ತಿದ್ದರು. ಅದರ ಮಸುಕಾದ ಕುರುಹು ಪಟ್ಟಿಯಲ್ಲಿ ಉಳಿದಿರುತ್ತದೆ. ಅದರ ಕಂಪನಸಂಖ್ಯೆ ಮೂಲತಃ ಸ್ಥಿರವಾಗಿದ್ದುದರಿಂದ, ಈಗ ಅದರಲ್ಲಿ ಕಾಣುವ ಏರುಪೇರು ಪಟ್ಟಿಯ ಓಟದ ಏರುಪೇರೇ ಆಗಿರಬೇಕು. ಅದನ್ನು ಗಡಿಯಾರದಂತೆ ಬಳಸಿ ಇಡೀ ಸಂಗೀತವನ್ನು ನೇರಗೊಳಿಸುತ್ತಾರೆ. ಬ್ರೂಸ್ ಸ್ಪ್ರಿಂಗ್‌ಸ್ಟೀನನ ಮೊದಲ ಮುದ್ರಿಕೆಗಳು ೨೦೧೪ರಲ್ಲಿ ಮತ್ತೆ ಹೊರಬಂದಾಗ ಈ ಕ್ರಮವನ್ನು ಅನುಸರಿಸಿದ್ದರು.

ಗದ್ದಲವನ್ನು ಅಳಿಸುವಾಗ

ಹಳೆಯ ಮುದ್ರಿಕೆಯ ‘ಸುಯ್’ ಎಂಬ ಸದ್ದು ಎಲ್ಲರಿಗೂ ಪರಿಚಿತ. ಪಟ್ಟಿಯಲ್ಲಿರುವ ಕಾಂತಕಣಗಳು ಬಿಡಿಬಿಡಿಯಾಗಿರುವುದರಿಂದ ಹುಟ್ಟುವ ಸದ್ದು ಇದು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನಕಲು ತೆಗೆದಾಗ ಹೊಸ ಪಟ್ಟಿಯ ಸದ್ದೂ ಕೂಡಿಕೊಳ್ಳುತ್ತದೆ. ಎರಡೂ ಸಮವಾಗಿದ್ದರೆ ಗದ್ದಲದ ಶಕ್ತಿ ಇಮ್ಮಡಿ, ಎಂದರೆ ೩ ಡೆಸಿಬೆಲ್ ಹೆಚ್ಚು. ೧೯೮೨ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಬಂದಾಗ ಹಲವು ಕಂಪನಿಗಳು ಆತುರದಿಂದ, ತಟ್ಟೆ ಕೊರೆಯುವುದಕ್ಕೆಂದು ಸಿದ್ಧಪಡಿಸಿದ್ದ ನಕಲುಗಳನ್ನೇ ಬಳಸಿದುವು. ತಟ್ಟೆಯ ಗೀರಿಗೆ ಒಗ್ಗುವಂತೆ ಮಂದ್ರವನ್ನೂ ತಾರವನ್ನೂ ತಿದ್ದಿದ ನಕಲುಗಳವು. ಆ ಕಾಲದ ಕೆಲವು ಡಿಸ್ಕುಗಳು ಬಡಕಲಾಗಿ ಕೇಳಿಸಲು ಇದೊಂದು ಕಾರಣ. ಮೊದಲ ಪಟ್ಟಿಗೇ ಹಿಂದಿರುಗಿ ಅಚ್ಚು ತೆಗೆದರೆ ಆಗುವ ಲಾಭ ನಿಜವಾದ ಲಾಭ.

ಉಳಿದ ಸುಯ್ಲನ್ನು ಗಣಕಯಂತ್ರದಿಂದ ಅಳಿಸಬಹುದು. ಸಂಗೀತವಿಲ್ಲದ ಒಂದೆರಡು ಕ್ಷಣಗಳಲ್ಲಿ ಬರಿಯ ಗದ್ದಲವು ಯಾವ ಯಾವ ಕಂಪನಸಂಖ್ಯೆಯಲ್ಲಿ ಎಷ್ಟೆಷ್ಟಿದೆಯೆಂದು ಅಳೆದು, ಅಷ್ಟನ್ನು ಇಡೀ ಮುದ್ರಿಕೆಯಿಂದ ಕಳೆಯುವುದು ಕ್ರಮ. ಇಲ್ಲಿ ಒಂದು ಅಪಾಯವಿದೆ. ಕೊಳಲಿನ ಸ್ವರವು ಕೆಲವೇ ಕಂಪನಸಂಖ್ಯೆಗಳಲ್ಲಿ ಕೇಂದ್ರೀಕೃತವಾಗಿರುತ್ತದೆ. ಅದನ್ನು ಗದ್ದಲದಿಂದ ಬೇರ್ಪಡಿಸುವುದು ಸುಲಭ. ಆದರೆ ಕಂಚಿನ ತಾಳದ ಮೇಲೆ ತಂತಿಯ ಕುಂಚವನ್ನು ಆಡಿಸಿದ ಸದ್ದು, ಗಾಯಕಿ ಹಾಡುವ ಮುನ್ನ ಎಳೆದುಕೊಂಡ ಉಸಿರು, ಸಭಾಂಗಣದಲ್ಲಿ ಆರಿಹೋಗುವ ಮಾರ್ದನಿ—ಇವು ಭೌತಿಕವಾಗಿ ಗದ್ದಲವನ್ನೇ ಹೋಲುತ್ತವೆ. ಹೆಚ್ಚು ಅಳಿಸಹೋದರೆ ಸುಯ್ಲಿನೊಡನೆ ಇವೂ ಹೋಗುತ್ತವೆ. ಓಲೆಯ ಹುಳುಕನ್ನು ಕೆರೆಯುವವನು ಅಕ್ಷರವನ್ನೂ ಕೆರೆದಂತೆ ಆಗುತ್ತದೆ. ಅನುಭವಿಗಳಾದ ತಂತ್ರಜ್ಞರು ಸ್ವಲ್ಪ ಸುಯ್ಲನ್ನು ಉಳಿಸುವುದು ಸೋಮಾರಿತನದಿಂದಲ್ಲ.

ಗಟ್ಟಿಯಾದುದೆಲ್ಲ ಒಳ್ಳೆಯದಲ್ಲ

ಹೊಸ ಅಚ್ಚುಗಳ ಮೇಲೆ ಬಂದ ದೊಡ್ಡ ಆಕ್ಷೇಪಣೆ ಮತ್ತೊಂದು ಬಗೆಯದು. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿ ಅಳತೆಯನ್ನೂ ೬೫,೫೩೬ ಮೆಟ್ಟಿಲುಗಳಲ್ಲಿ ಒಂದಾಗಿ ಬರೆಯುತ್ತಾರೆ. ಅತ್ಯಂತ ಮೇಲಿನ ಮೆಟ್ಟಿಲನ್ನು ಯಾವ ಧ್ವನಿಯೂ ದಾಟಲಾರದು. ಆದ್ದರಿಂದ ಮುದ್ರಿಕೆಯನ್ನು ಇನ್ನಷ್ಟು ಗಟ್ಟಿಯಾಗಿಸಬೇಕಾದರೆ ಇರುವ ದಾರಿಯೊಂದೇ: ಶಿಖರಗಳನ್ನು ತಗ್ಗಿಸಿ, ಎಲ್ಲವನ್ನೂ ಮೇಲಕ್ಕೆತ್ತುವುದು. ಆಗ ಪಿಸುಮಾತಿಗೂ ಕೂಗಿಗೂ ಇದ್ದ ಅಂತರ ಕುಗ್ಗುತ್ತದೆ. ಡ್ರಮ್ಮಿನ ಪೆಟ್ಟು ಪೆಟ್ಟಾಗಿ ಉಳಿಯದು.

ಇದನ್ನೇಕೆ ಮಾಡಿದರು? ಕಾರಣ ನಮ್ಮ ಕಿವಿಯಲ್ಲಿಯೇ ಇದೆ. ಮೆಲ್ಲನೆಯ ಧ್ವನಿಯಲ್ಲಿ ನಮ್ಮ ಕಿವಿಯು ಮಂದ್ರಸ್ವರಗಳನ್ನು ಸರಿಯಾಗಿ ಗ್ರಹಿಸುವುದಿಲ್ಲವೆಂದೂ, ಧ್ವನಿ ಗಟ್ಟಿಯಾದಂತೆ ಅವು ತುಂಬಿಬರುವುವೆಂದೂ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿಯೇ ತೋರಿಸಿದ್ದರು. ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೆಯದನ್ನು ತುಸು ಗಟ್ಟಿಮಾಡಿದರೆ ಹೆಚ್ಚಿನವರು ಎರಡನೆಯದೇ ಶ್ರೀಮಂತವಾಗಿದೆಯೆನ್ನುವರು. ವ್ಯಾಪಾರಿಗಳು ಈ ದೌರ್ಬಲ್ಯವನ್ನು ಚೆನ್ನಾಗಿ ಬಳಸಿಕೊಂಡರು. ಆದುದರಿಂದ ಹಳೆಯ ಅಚ್ಚನ್ನೂ ಹೊಸ ಅಚ್ಚನ್ನೂ ಹೋಲಿಸಬಯಸುವ ವಾಚಕರು ಮೊದಲು ಎರಡರ ಗಟ್ಟಿತನವನ್ನೂ ಕಿವಿಗೆ ಸಮನಾಗುವಂತೆ ತಿರುಪಿ, ಆಮೇಲೆ ಕೇಳಬೇಕು. ಈ ಒಂದು ಎಚ್ಚರಿಕೆಯಿಂದ ಹಲವು ‘ಹೊಸತನ’ಗಳ ಬಣ್ಣ ಬಯಲಾಗುತ್ತದೆ.

ಬೆರೆತುದನ್ನು ಬೇರ್ಪಡಿಸುವ ಹೊಸ ವಿದ್ಯೆ

ಈಚಿನ ವರ್ಷಗಳಲ್ಲಿ ಇನ್ನೂ ದಿಟ್ಟವಾದ ಹೆಜ್ಜೆಯನ್ನಿಟ್ಟಿದ್ದಾರೆ. ಇಂಗ್ಲೆಂಡಿನ ಬೀಟಲ್ಸ್ ಮೇಳದ ‘ರಿವಾಲ್ವರ್’ ೧೯೬೬ರಲ್ಲಿ ನಾಲ್ಕೇ ಪಥಗಳ ಪಟ್ಟಿಯ ಮೇಲೆ ಮುದ್ರಣವಾಗಿತ್ತು. ಕೆಲವೆಡೆ ಹಲವು ವಾದ್ಯಗಳು ಒಂದೇ ಪಥದಲ್ಲಿ ಬೆರೆತಿದ್ದುವು. ಗಿಟಾರಿನ ನಾದ ಹೇಗಿರುತ್ತದೆ, ಡ್ರಮ್ಮಿನದು ಹೇಗಿರುತ್ತದೆ ಎಂಬುದನ್ನು ಅಸಂಖ್ಯ ಉದಾಹರಣೆಗಳಿಂದ ಕಲಿತ ಗಣಕಯಂತ್ರವು ಅವನ್ನು ಬಿಡಿಸಿಕೊಟ್ಟಿತು. ೨೦೨೨ರಲ್ಲಿ ಅವನ್ನು ಮತ್ತೆ ಹೊಸ ಪ್ರಮಾಣದಲ್ಲಿ ಬೆರೆಸಿದರು. ೨೦೨೩ರ ನವೆಂಬರಿನಲ್ಲಿ ಹೊರಬಂದ ‘ನೌ ಅಂಡ್ ದೆನ್’ ಹಾಡಿಗಾಗಿ, ಜಾನ್ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದ ದನಿಯನ್ನು ಅದರೊಡನೆ ಬೆರೆತಿದ್ದ ಪಿಯಾನೊದಿಂದ ಹೀಗೆಯೇ ಬಿಡಿಸಿದರು. ೧೯೯೫ರಲ್ಲಿ ಇದೇ ಹಾಡನ್ನು ಕೈಗೆತ್ತಿಕೊಂಡು ಕೈಬಿಟ್ಟಿದ್ದರು.

ಇದು ಅದ್ಭುತವೇ ಸರಿ. ಆದರೂ ಇದನ್ನು ಹಿಂದಿನ ಕೆಲಸದೊಡನೆ ಒಂದೇ ಎಂದು ಎಣಿಸಲಾಗದು. ಶ್ರುತಿಯನ್ನು ಸರಿಪಡಿಸುವಾಗ ಯಂತ್ರದ ತಪ್ಪನ್ನು ಮಾತ್ರ ತೆಗೆಯುತ್ತೇವೆ. ಹೊಸದಾಗಿ ಬೆರೆಸುವಾಗ ಆ ಕಾಲದವರು ಒಪ್ಪಿ ಕಳುಹಿಸಿದ ಪಾಠವನ್ನೇ ಬದಲಿಸುತ್ತೇವೆ. ಮೊದಲನೆಯದು ಸಂಪಾದನೆ, ಎರಡನೆಯದು ಬಹುಮಟ್ಟಿಗೆ ವ್ಯಾಖ್ಯಾನ. ಎರಡಕ್ಕೂ ಸ್ಥಾನವುಂಟು. ಯಾವುದು ಯಾವುದೆಂದು ಹೊದಿಕೆಯ ಮೇಲೆ ಹೇಳಿದರೆ ಸಾಕು.

ಮೂಲವನ್ನು ಕಾಯುವುದು

ಈ ಎಲ್ಲ ವಿದ್ಯೆಗಳಿಗೂ ಆಧಾರವಾದುದು ಮೂಲಪಟ್ಟಿ. ಅದೋ ಅಲ್ಪಾಯುಷಿ. ೧೯೭೦ರ ದಶಕದಿಂದೀಚಿನ ಕೆಲವು ಪಟ್ಟಿಗಳಲ್ಲಿ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ; ಓಡಿಸಿದರೆ ಪುಡಿಯೇ ಕಿತ್ತುಬರುತ್ತದೆ. ಅಂತಹವನ್ನು ಸುಮಾರು ೫೦ರಿಂದ ೫೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಹದವಾಗಿ ಬಿಸಿಮಾಡಿ, ಮತ್ತೆ ಕೆಡುವ ಮುನ್ನ ನಕಲು ತೆಗೆದುಕೊಳ್ಳುತ್ತಾರೆ. ಬೆಂಕಿಗೆ ಮಾತ್ರ ಮದ್ದಿಲ್ಲ. ೨೦೦೮ರ ಜೂನ್ ೧ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದ ಆವರಣದಲ್ಲಿ ಬೆಂಕಿ ಬಿದ್ದಾಗ ಅಲ್ಲಿದ್ದ ಸಂಗೀತದ ಮೂಲಪಟ್ಟಿಗಳೂ ಸುಟ್ಟುವು. ಈ ಸುದ್ದಿ ವಿವರವಾಗಿ ಲೋಕಕ್ಕೆ ತಿಳಿದುದು ೨೦೧೯ರಲ್ಲಿ. ಸುಟ್ಟುವು ಎಷ್ಟೆಂಬ ವಿಷಯದಲ್ಲಿ ವಿವಾದವಿದೆ. ಆದರೆ ಸುಟ್ಟ ಪಟ್ಟಿಯಿಂದ ಮುಂದೆ ಯಾವ ವಿಜ್ಞಾನಿಯೂ ಹೊಸ ಅಚ್ಚು ತೆಗೆಯಲಾರನೆಂಬುದರಲ್ಲಿ ವಿವಾದವಿಲ್ಲ.

‘ಕೈಂಡ್ ಆಫ್ ಬ್ಲೂ’ ನುಡಿಸಿದ ಏಳು ಮಂದಿಯಲ್ಲಿ ಕಟ್ಟಕಡೆಗೆ ಉಳಿದಿದ್ದ ಜಿಮ್ಮಿ ಕಾಬ್ ೨೦೨೦ರಲ್ಲಿ ತೀರಿಕೊಂಡರು. ಅಂದಿನ ಶ್ರುತಿ ಯಾವುದಿತ್ತೆಂದು ಇನ್ನು ಯಾರನ್ನೂ ಕೇಳುವಂತಿಲ್ಲ. ನಾಳೆಯವರಿಗೆ ನಮ್ಮದಕ್ಕಿಂತ ಸೂಕ್ಷ್ಮವಾದ ಉಪಕರಣಗಳು ದೊರೆತು, ಇಂದು ನಾವು ಸರಿಯೆಂದುಕೊಂಡಿರುವ ಅಚ್ಚುಗಳಲ್ಲಿಯೂ ಅವರು ತಪ್ಪು ಕಾಣಬಹುದು. ಅದನ್ನು ತಿದ್ದಲು ಅವರಿಗೆ ಬೇಕಾಗುವುದು ನಮ್ಮ ಹೊಸ ಅಚ್ಚಲ್ಲ, ಹಳೆಯ ಪಟ್ಟಿ. ಆದುದರಿಂದ ಹೊಸದಾಗಿ ಅಚ್ಚು ಹಾಕುವವರು ಯಾವ ಪಟ್ಟಿಯಿಂದ ತೆಗೆದೆವು, ಏನನ್ನು ತಿದ್ದಿದೆವು ಎಂಬುದನ್ನು ಬರೆದಿಡಬೇಕು. ಮೂಲವನ್ನೂ ಅದರ ಎರಡನೆಯ ಪ್ರತಿಯನ್ನೂ ಬೇರೆ ಬೇರೆ ಕಟ್ಟಡಗಳಲ್ಲಿ ಕಾಪಾಡಬೇಕು. ಕೇಳುವವರಾದ ನಾವು ಹೊದಿಕೆಯ ಮೇಲಿನ ‘ರೀಮಾಸ್ಟರ್ಡ್’ ಎಂಬ ಮಾತಿನಿಂದಲೇ ತೃಪ್ತರಾಗದೆ, ಒಳಗಿನ ಟಿಪ್ಪಣಿಯನ್ನು ಓದುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು.